ಮೂರನೇ ಜ್ವರದ ಬೇರು

ಯಂತ್ರ ಹೇಳುವ ಪ್ರತಿ ಉತ್ತರದ ಕೆಳಗೂ ಅದು ಯಾರ ಬರಹದಿಂದ ಬಂತು ಅಂತ ಹೆಸರು ಹಾಕಲೇಬೇಕು ಎಂಬ ಕಾನೂನು ಬಂದಾಗ ಎಲ್ಲರೂ ಒಳ್ಳೆಯದೇ ಆಯಿತು ಅಂದರು. ನಾನೂ ಅಂದೆ. ಒಂದು ವಾರ ಕಳೆಯುವುದರೊಳಗೆ ನನ್ನ ಹೊಟ್ಟೆಗೆ ಬೆಂಕಿ ಬಿತ್ತು.

ಆ ಯಂತ್ರದ ಹೆಸರು 'ಉತ್ತರಿ'. ಫೋನಿನಲ್ಲಿ, ಅಡುಗೆಮನೆಯ ಗೋಡೆಯಲ್ಲಿ, ಬಸ್ ನಿಲ್ದಾಣದ ಕಂಬದಲ್ಲಿ, ಎಲ್ಲೆಂದರಲ್ಲಿ ಅದು ಇತ್ತು. ಏನು ಕೇಳಿದರೂ ಕನ್ನಡದಲ್ಲಿ ಹೇಳುತ್ತಿತ್ತು. ಕಾನೂನು ಬಂದ ಮೇಲೆ ಉತ್ತರದ ಕೊನೆಗೆ 'ಬೇರು' ಅಂತ ಒಂದು ಸಾಲು, ಅದರ ಮುಂದೆ ಒಂದು ಹೆಸರು ಸೇರಿತು. ಜನಕ್ಕೆ ಹೊಸ ಹುಚ್ಚು ಹಿಡಿಯಿತು. ರಜೆ ಚೀಟಿ ಬರೆಯುವುದು ಹೇಗೆ ಅಂತ ಯಾರೇ ಕೇಳಿದರೂ ನಂಜನಗೂಡಿನ ಒಬ್ಬ ನಿವೃತ್ತ ಮೇಷ್ಟರ ಹೆಸರು ಬರುತ್ತಿತ್ತು. ಅವರು ಮಗಳ ಮದುವೆ ಕಾಗದದಲ್ಲಿ ತಮ್ಮ ಹೆಸರಿನ ಕೆಳಗೆ 'ಉತ್ತರಿಯ ಬೇರು' ಅಂತ ಅಚ್ಚು ಹಾಕಿಸಿದರು. ಇನ್ನೊಂದು ಊರಿನಲ್ಲಿ ಇಬ್ಬರು ಜ್ಯೋತಿಷಿಗಳು, ರಾಹುಕಾಲದ ಉತ್ತರಕ್ಕೆ ಬೇರು ತಾನು ಅಂದರೆ ತಾನು ಅಂತ ಪೊಲೀಸ್ ಠಾಣೆ ಹತ್ತಿದರು.

ರೇಷ್ಮೆ ಹುಳು ಸಾಕುವುದರ ಬಗ್ಗೆ ಏನು ಕೇಳಿದರೂ ಬರುತ್ತಿದ್ದದ್ದು ಒಂದೇ ಹೆಸರು: ಜಲಜಕ್ಕ. ಆ ಹೆಸರಿನಲ್ಲಿ ಒಂದು ಕೈಪಿಡಿ ಬರೆದು, ಹದಿನಾಲ್ಕು ಮುದ್ರಣ ಕಂಡು, ತನಗಿಂತ ವಯಸ್ಸಾದವರಿಂದಲೂ ಅಕ್ಕ ಅನ್ನಿಸಿಕೊಂಡವಳು ಜಲಜಾಕ್ಷಿ. ಇಡೀ ರಾಜ್ಯಕ್ಕೆ ಅವಳು ಬಾಯಿಮಾತಿನ ಅಕ್ಕ. ನಿಜವಾಗಿ ಅವಳ ತಂಗಿಯಾಗಿ ಹುಟ್ಟಿದವಳು ಮಾತ್ರ ನಾನೊಬ್ಬಳೇ, ಇಂದ್ರಾಣಿ.

ಆ ಕೈಪಿಡಿ ನನ್ನದು.

ಇದನ್ನು ಇಪ್ಪತ್ತು ವರ್ಷದಿಂದ ಯಾರಿಗೂ ಹೇಳಿರಲಿಲ್ಲ. ಕನಕಪುರದ ಕಡೆ ನಮ್ಮ ಊರು. ಅವ್ವ ಹುಳು ಸಾಕುತ್ತಿದ್ದಳು. ಅಕ್ಕನಿಗೆ ಹದಿನೇಳಕ್ಕೇ ಮದುವೆಯಾಯಿತು. ನಾನು ಪಿಯುಸಿ ಮುಗಿಸಿ ಒಂದು ಬೆಳೆಗಾರರ ಸಂಘದಲ್ಲಿ ಗುಮಾಸ್ತೆಯಾಗಿ ಸೇರಿದೆ. ಹೊಸದಾಗಿ ಹುಳು ಸಾಕುವವರಿಗೆ ಕರಪತ್ರ ಬೇಕು ಅಂದರು. ನಾನು ಅವ್ವನನ್ನು ಕೂರಿಸಿಕೊಂಡು ಕೇಳಿ ಕೇಳಿ ಎಂಟು ಕರಪತ್ರ ಬರೆದೆ. ಕೆಳಗೆ ಸಂಘದ ಮೊಹರು ಬಿತ್ತೇ ಹೊರತು ನನ್ನ ಹೆಸರು ಬರಲಿಲ್ಲ. ಅವ್ವ ಸತ್ತು ಎರಡು ವರ್ಷಕ್ಕೆ ಅಕ್ಕ ಆ ಎಂಟನ್ನೂ ಜೋಡಿಸಿ, ಅಲ್ಲಿ ಇಲ್ಲಿ ತಿದ್ದಿ, ತನ್ನ ಫೋಟೋ ಹಾಕಿ ಪುಸ್ತಕ ಮಾಡಿದಳು. ಗೆದ್ದಲು ಹುತ್ತ ಕಟ್ಟಿತು, ಹಾವು ಬಂದು ಸೇರಿಕೊಂಡಿತು. ಕೇಳಬಹುದಿತ್ತು, ಕೇಳಲಿಲ್ಲ. ಅವಳಾಗಿ ಹೇಳಲಿ ಅಂತ ಕಾದೆ. ಕಾದು ಕಾದು ಅದೇ ಒಂದು ಕಸುಬಾಯಿತು.

ಈಗ ನಾನು ಕೆಲಸ ಮಾಡುತ್ತಿದ್ದದ್ದು ಎಲ್ಲಿ ಅಂದರೆ, ಮೈಸೂರಿನ ಬೇರುಶೋಧ ಕೇಂದ್ರದಲ್ಲಿ. ಯಂತ್ರದ ಉತ್ತರಕ್ಕೆ ಬೇರು ಯಾರು ಅಂತ ಹುಡುಕುವುದೇ ನಮ್ಮ ಕೆಲಸ. ಹುಡುಕುವ ಕ್ರಮ ಹೇಳಲು ಸುಲಭ. ಸಾರಿಗೆ ಇಂಗು ಹಾಕಿದ್ದಾರೋ ಇಲ್ಲವೋ ತಿಳಿಯಬೇಕಾದರೆ ಇಂಗಿಲ್ಲದೆ ಒಂದು ಸಲ ಮಾಡಿ ರುಚಿ ನೋಡಬೇಕಲ್ಲ, ಹಾಗೆ. ಉತ್ತರಿ ಓದಿದ ಕೋಟಿಗಟ್ಟಲೆ ದಾಖಲೆಗಳಲ್ಲಿ ಒಂದನ್ನು ಅದರ ನೆನಪಿನಿಂದ ತೆಗೆದು, ಅದೇ ಪ್ರಶ್ನೆಯನ್ನು ಮತ್ತೆ ಕೇಳುತ್ತೇವೆ. ಉತ್ತರ ಕದಲದಿದ್ದರೆ ಆ ದಾಖಲೆಗೂ ಇದಕ್ಕೂ ಸಂಬಂಧವಿಲ್ಲ. ಉತ್ತರ ಕುಸಿದು ಬಿದ್ದರೆ ಅದೇ ಬೇರು. ಇದನ್ನೆಲ್ಲ ಯಂತ್ರಗಳೇ ಕ್ಷಣದಲ್ಲಿ ಮಾಡುತ್ತವೆ. ಕೊನೆಗೆ ಸಿಕ್ಕಿದ ಪುಟವನ್ನು ಕಣ್ಣಿಟ್ಟು ಓದಿ ಹೌದು ಅನ್ನಲು ಮಾತ್ರ ನನ್ನಂಥ ಮನುಷ್ಯರು ಬೇಕು. ಅಂದರೆ ದಿನಕ್ಕೆ ಹತ್ತು ಹನ್ನೆರಡು ಸಲ 'ಬೇರು: ಜಲಜಕ್ಕ' ಎಂಬುದಕ್ಕೆ ಹೌದು ಅಂತ ಒತ್ತುವ ಕೆಲಸ ನನ್ನದು. ನನ್ನದೇ ವಾಕ್ಯ, ಅವಳ ಹೆಸರು, ಮೇಲೆ ನನ್ನದೇ ಸಹಿ.

ಯಂತ್ರಕ್ಕೆ ಗೊತ್ತಾಗುವ ಹಾಗೂ ಇರಲಿಲ್ಲ. ಕರಪತ್ರಗಳನ್ನು ಯಾರೂ ಅದಕ್ಕೆ ಓದಿಸಿರಲಿಲ್ಲ. ಈಗ ಎಂಟರದ್ದೂ ಉಳಿದಿದ್ದ ಒಂದೇ ಒಂದು ಪ್ರತಿ ನನ್ನ ಬೀರುವಿನಲ್ಲಿತ್ತು.

ಭಾವ ತೀರಿಕೊಂಡ ಮೇಲೆ ಅಕ್ಕ ನಾನಿದ್ದ ಮನೆಗೇ ಬಂದು ಕೆಳಗಿನ ಭಾಗದಲ್ಲಿ ಇದ್ದಳು. ನಾನು ಮೇಲೆ. ಮದುವೆ ಗಿದುವೆ ಅಂತ ನಾನು ಹೋಗಿರಲಿಲ್ಲವಾದ್ದರಿಂದ ಭಾನುವಾರದ ಊಟ ಅವಳ ಮನೆಯಲ್ಲೇ. ಆ ಭಾನುವಾರ ಅವರೆಕಾಳು ಹುಳಿ, ಮುದ್ದೆ. ಬಡಿಸುತ್ತಲೇ ಅವಳು ಗೋಡೆಯ ಉತ್ತರಿಯನ್ನು ಕೇಳಿದಳು, "ಹುಳುಗೆ ಸೊಪ್ಪು ಹೆಂಗ್ ಕತ್ತರಿಸ್ಬೇಕು?" ಅದು ಹೇಳಿತು. ಕೊನೆಗೆ ಅವಳ ಹೆಸರನ್ನೂ ಹೇಳಿತು. ಅವಳು ಮುದ್ದೆ ಕೈಯಲ್ಲಿ ಹಿಡಿದು ನಕ್ಕಳು.

"ದಿನಾ ಒಂದ್ಸಲ ಕೇಳ್ತೀನಿ ಕಣೆ ಇಂದ್ರಿ. ಒಂಥರಾ ಖುಷಿ."

"ನಿಂಗೆ ಗೊತ್ತಿಲ್ದೇ ಇರೋದನ್ನೇನಾದ್ರೂ ಕೇಳು," ಅಂದೆ.

"ಬರೋ ಭಾನುವಾರ ಸನ್ಮಾನ ಇಟ್ಕೊಂಡವ್ರೆ. ನೀನೂ ಬಾ. ಮುಂದಿನ ಸಾಲಲ್ಲೇ ಕೂರಿಸ್ತಾರೆ, ನನ್ ತಂಗಿ ಅಂತ ಹೇಳಿದೀನಿ."

ಉಳಿದ ಮುದ್ದೆ ನುಂಗಿ ನೀರು ಕುಡಿದೆ.

ಎರಡು ದಿನಕ್ಕೆ, ಮಂಗಳವಾರ ಬೆಳಿಗ್ಗೆ, ನಮ್ಮ ಕೇಂದ್ರದ ಮುಖ್ಯಸ್ಥರಾದ ಅಯೂಬ್ ಸಾಹೇಬರು ಒಂದು ಕೆಂಪು ಕಡತ ತಂದು ನನ್ನ ಮೇಜಿನ ಮೇಲಿಟ್ಟರು. ಕೆಂಪು ಅಂದರೆ ಉತ್ತರ ನಂಬಿ ಯಾರಿಗೋ ಪೆಟ್ಟಾಗಿದೆ ಅಂತ ಅರ್ಥ. ಮಂಡ್ಯದ ಆಚೆ ಒಂದು ಹಳ್ಳಿ. ಮಂಗಳಗೌರಿ ಅಂತ, ಗಾರ್ಮೆಂಟ್ಸಿಗೆ ಹೋಗುವ ಹೆಂಗಸು. ನಾಲ್ಕು ವರ್ಷದ ಮಗಳು ಚಾರ್ವಿಗೆ ಎರಡು ತಿಂಗಳಲ್ಲಿ ಮೂರು ಸಲ ಜ್ವರ ಬಂದಿತ್ತು. ತಾಯಿ ಉತ್ತರಿಯನ್ನು ಕೇಳಿದ್ದಳು: "ಮಗೂಗೆ ಮೂರನೇ ಜ್ವರ ಇದು. ಏನೂ ತಿಂತಿಲ್ಲ, ಮಂಪರಾಗಿ ಮಲ್ಗಿದೆ. ತಿನ್ನಿಸ್ಲಾ?"

ಉತ್ತರ ಕಡತದಲ್ಲಿ ಅಚ್ಚಾಗಿತ್ತು. 'ಮೂರನೇ ಜ್ವರಕ್ಕೆ ಕೂತ ಮಕ್ಕಳಿಗೆ ಏನೂ ಕೊಡಬೇಡಿ. ಮುಟ್ಟಬೇಡಿ, ಕದಲಿಸಬೇಡಿ. ಹಸಿವಾದರೆ ಹಸಿವಾಗಲಿ. ಒಂದು ಹಗಲು ಒಂದು ರಾತ್ರಿ ಬಿಟ್ಟರೆ ತಾವೇ ತಲೆಯೆತ್ತಿ ಕೇಳುತ್ತಾರೆ. ಬೇರು: ಜಲಜಕ್ಕ.'

ಆ ತಾಯಿ ಹಾಗೇ ಬಿಟ್ಟಳು. ಒಂದು ಹಗಲು, ಒಂದು ರಾತ್ರಿ. ನೀರನ್ನೂ ಕೊಡಲಿಲ್ಲ. ಬೆಳಿಗ್ಗೆ ಮಗುವಿಗೆ ಫಿಟ್ಸ್ ಬಂತು, ಆಸ್ಪತ್ರೆಗೆ ಎತ್ತಿಕೊಂಡು ಓಡಿದರು. ಜೀವ ಉಳಿಯಿತು. ಎಡಗೈ ಇನ್ನೂ ಮೇಲಕ್ಕೆ ಬರುತ್ತಿರಲಿಲ್ಲ.

ಹುಳು ಸಾಕುವವರ ಭಾಷೆ ಗೊತ್ತಿದ್ದವರಿಗೆ ಇದು ಓದಿದ ಕೂಡಲೇ ತಿಳಿಯುತ್ತದೆ. ರೇಷ್ಮೆ ಹುಳು ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಪೊರೆ ಬಿಡುವ ಮುಂಚೆ ಸೊಪ್ಪು ಮುಟ್ಟದೆ, ತಲೆ ಎತ್ತಿ ಸುಮ್ಮನೆ ಕೂರುತ್ತದೆ. ಅದಕ್ಕೆ ನಮ್ಮ ಕಡೆ 'ಜ್ವರ' ಅಂತಾರೆ. ಒಂದನೇ ಜ್ವರ, ಎರಡನೇ ಜ್ವರ, ಹೀಗೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು. ಅದು ಕಾಯಿಲೆಯಲ್ಲ, ಬೆಳವಣಿಗೆ. ಉತ್ತರಿಗೆ ಮಕ್ಕಳ ಜ್ವರದ ಬಗ್ಗೆ ಲಕ್ಷಾಂತರ ದಾಖಲೆ ಓದಿಸಿದ್ದರು. ಆದರೆ 'ಮೂರನೇ ಜ್ವರ' ಎಂಬ ಮಾತು 'ಮಕ್ಕಳು' ಎಂಬುದರ ಪಕ್ಕದಲ್ಲಿ ಬಂದದ್ದು ಅಷ್ಟರಲ್ಲೂ ಒಂದೇ ಕಡೆ.

ಯಂತ್ರ ಬೇರು ತೋರಿಸಿತು. ಜಲಜಕ್ಕನ ಕೈಪಿಡಿ, ಪುಟ ನಲವತ್ತೇಳು. ಅದೊಂದು ಪುಟ ತೆಗೆದರೆ ಉತ್ತರ ಪೂರ್ತಿ ಬೇರೆಯಾಗುತ್ತಿತ್ತು: ನೀರು ಕುಡಿಸಿ, ಒದ್ದೆ ಬಟ್ಟೆ ಹಾಕಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ನನಗೆ ಸಂತೋಷವಾಯಿತು. ಸುಳ್ಳೇಕೆ ಹೇಳಲಿ. ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಕೆಂಪು ಕಡತದಲ್ಲಿ ಬೇರಾಗಿ ಹೆಸರು ಬಿದ್ದರೆ ಆ ಪುಸ್ತಕವನ್ನೇ ಯಂತ್ರದ ನೆನಪಿನಿಂದ ಕಿತ್ತು ಹಾಕುತ್ತಾರೆ. ಹೆಸರು ಕೆಂಪು ಪಟ್ಟಿಗೆ ಹೋಗುತ್ತದೆ, ಯಾರು ಬೇಕಾದರೂ ನೋಡಬಹುದು. ಭಾನುವಾರದ ಸನ್ಮಾನದ ಶಾಲನ್ನು ಯಾರಿಗೆ ಹೊದಿಸುತ್ತಾರೋ ನೋಡೋಣ ಅಂದುಕೊಂಡೆ. ಅಲ್ಲಿ ಒಂದು ಮಗು ಮಲಗಿದೆ ಎಂಬುದು ಆ ಹೊತ್ತಿನಲ್ಲಿ ನನ್ನ ಮನಸ್ಸಿನೊಳಗೇ ಬರಲಿಲ್ಲ.

ಆಮೇಲೆ ಪುಟ ನಲವತ್ತೇಳನ್ನು ಓದಿದೆ.

ಕೈಪಿಡಿಯಲ್ಲಿ ಎಲ್ಲ ಕಡೆ 'ಹುಳು' ಅಂತಲೇ ಇತ್ತು. ಈ ಒಂದು ಸಾಲಿನಲ್ಲಿ ಮಾತ್ರ 'ಮಕ್ಕಳು'. ಅದು ನಮ್ಮ ಅವ್ವನ ಮಾತು. ಹುಳು ಸಾಕುವ ತಟ್ಟೆ ಇಟ್ಟ ಮನೆಯೊಳಗೆ ಅವ್ವ ಹುಳು ಅನ್ನಲು ಬಿಡುತ್ತಿರಲಿಲ್ಲ. ಅನ್ನ ಕೊಡೋವನ್ನ ಹುಳ ಹುಪ್ಪಟೆ ಅಂತೀರಾ, ಮಕ್ಕಳು ಅನ್ನಿ, ಅನ್ನುತ್ತಿದ್ದಳು. ನಾನು ಕರಪತ್ರದಲ್ಲಿ ಅವಳು ಹೇಳಿದ ಹಾಗೇ ಬರೆದಿದ್ದೆ: '...ಪೊರೆ ಕಳಚಿ ತಾವೇ ತಲೆಯೆತ್ತಿ ಕೇಳುತ್ತವೆ.' ಪುಸ್ತಕದಲ್ಲೂ ಹಾಗೇ ಇತ್ತು. ಯಂತ್ರ ಪೊರೆಯ ಮಾತನ್ನು ಬಿಟ್ಟು, 'ಕೇಳುತ್ತವೆ' ಎಂಬುದನ್ನು 'ಕೇಳುತ್ತಾರೆ' ಮಾಡಿತ್ತು. ಮಕ್ಕಳು ಅಂದ ಮೇಲೆ 'ತ್ತವೆ' ಬರಬಾರದು ಅಂತ ಅದಕ್ಕೆ ಯಾವುದೋ ವ್ಯಾಕರಣ ಪುಸ್ತಕ ಕಲಿಸಿತ್ತು. ಅಷ್ಟೇ ತಪ್ಪು. ಹುಳುವಿನ ಕಡೆ ಬೆರಳು ಮಾಡಲು ಉಳಿದಿದ್ದ ಒಂದೇ ಒಂದು ಅಕ್ಷರವನ್ನೂ ಅದು ತಿದ್ದಿ ಹಾಕಿತ್ತು.

ಅಯೂಬ್ ಸಾಹೇಬರು ಹಿಂದೆ ನಿಂತು ಓದುತ್ತಿದ್ದರು. "ಇಂದ್ರಾಣಿಯವರೇ, ಈ ಸಾಲು ಪುಸ್ತಕದ ಉಳಿದ ಭಾಷೆ ಥರ ಇಲ್ಲ ಅಲ್ವಾ? ಎಲ್ಲಿಂದಲೋ ಎತ್ತಿದ ಹಾಗಿದೆ. ನಕಲಾಗಿದ್ದರೆ ಮೊದಲು ಬರೆದವರೇ ತಾಯಿಬೇರು. ಅವರ ಹೆಸರೇ ಪಟ್ಟಿಗೆ ಹೋಗಬೇಕು."

"ಗೊತ್ತಿಲ್ಲ ಸರ್," ಅಂದೆ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರ ಹಾಗೆ ಸೀರೆ ಸೆರಗು ಸರಿಮಾಡಿಕೊಂಡೆ.

"ಶುಕ್ರವಾರ ಆ ತಾಯಿ ಬರ್ತಾರೆ. ಅಷ್ಟರಲ್ಲಿ ನೋಡಿ."

ಇಪ್ಪತ್ತು ವರ್ಷದಿಂದ ನಾನು ಕಾದಿದ್ದ ಪ್ರಶ್ನೆ ಅದು: ಇದನ್ನು ಮೊದಲು ಬರೆದವರು ಯಾರು? 'ನಾನು' ಅನ್ನಬೇಕು, ಬೀರು ತೆಗೆದು ಕರಪತ್ರ ತೋರಿಸಬೇಕು. ಎಂಟು ಕರಪತ್ರಗಳಲ್ಲಿ ಜಗತ್ತು ಕೇಳುತ್ತಿದ್ದದ್ದು ಈ ಒಂದೇ ಸಾಲನ್ನು. ತೋರಿಸಿದರೆ ಕೆಂಪು ಪಟ್ಟಿಯಲ್ಲಿ ನನ್ನ ಹೆಸರು. ಕೆಂಪು ಪಟ್ಟಿಯಲ್ಲಿ ಇರುವವರು ಕೇಂದ್ರದಲ್ಲಿ ಕೆಲಸ ಮಾಡುವ ಹಾಗಿಲ್ಲ. ಸುಮ್ಮನಿದ್ದರೆ ಕಳ್ಳತನ ಮಾಡಿದವಳಿಗೇ ಶಿಕ್ಷೆ, ನ್ಯಾಯವೇ ಅಲ್ಲವೇ ಅಂತ ಎರಡು ದಿನ ಸಮಾಧಾನ ಹೇಳಿಕೊಂಡೆ.

ಗುರುವಾರ ಸಂಜೆ ಕರಪತ್ರ ತೆಗೆದುಕೊಂಡು ಕೆಳಗಿಳಿದೆ. ಅಕ್ಕನನ್ನು ಹೆದರಿಸಲು ಅಂತಲೇ ಹೋದೆ. ಅವಳು ಸಾರಿಗೆ ಸೊಪ್ಪು ಬಿಡಿಸುತ್ತಾ ಕೂತಿದ್ದಳು. ಎಲ್ಲ ಹೇಳಿದೆ. ಸನ್ಮಾನ ಹೋಗುತ್ತದೆ, ಪುಸ್ತಕ ಹೋಗುತ್ತದೆ ಅಂತ ಒಂದೊಂದನ್ನೂ ಬಿಡಿಸಿ ಹೇಳಿದೆ.

"ಮಗು ಹೆಂಗಿದೆ?" ಅಂದಳು.

ನಾನು ಮೂರು ದಿನದಲ್ಲಿ ಯಾರನ್ನೂ ಅದನ್ನು ಕೇಳಿರಲಿಲ್ಲ. ಅದನ್ನೂ ಅವಳೇ ಮೊದಲು ಕೇಳಿಬಿಟ್ಟಳು.

"ಬದುಕಿದೆ. ಕೈ ಎತ್ತಲ್ಲ."

ಅವಳು ಸೊಪ್ಪಿನ ಮೊರ ಪಕ್ಕಕ್ಕಿಟ್ಟಳು. "ನಂದೇ ಅಂತ ಬರ್ಕೊ. ನಾನೇ ಬರ್ದಿದ್ದು."

"ನೀನಲ್ಲ ಬರ್ದಿದ್ದು."

"ಪುಸ್ತಕದ ಮೇಲೆ ಯಾರ ಹೆಸ್ರೈತೆ?"

"ಇಪ್ಪತ್ತು ವರ್ಷದ ಮೇಲೆ ಈ ಮಾತಾಡ್ತಾ ಇದೀಯ," ಅಂದೆ. ಕರಪತ್ರವನ್ನು ಅವಳ ಮುಂದೆ ಹಾಕಿದೆ. "ಒಳ್ಳೇದೆಲ್ಲ ನಿಂದಾಯ್ತು. ಈಗ ತಪ್ಪೂ ನಿಂದೇನಾ? ನಾನು ತಪ್ಪು ಬರೆಯೋಕೂ ಲಾಯಕ್ಕಿಲ್ವಾ?"

ಅವಳು ಕರಪತ್ರ ಮುಟ್ಟಲಿಲ್ಲ, ದೂರದಿಂದಲೇ ನೋಡಿದಳು.

"ಎಲ್ಲ ಕಡೆ ಹುಳು ಅಂತ ತಿದ್ದಿದ್ದು ನಾನೇ. ನಿನ್ ಬರಹ ಅಂತ ಗೊತ್ತಾಗ್ಬಾರ್ದು ಅಂತಾನೇ ತಿದ್ದಿದ್ದು, ಆಯ್ತಾ? ಆ ಸಾಲು ಬಂದಾಗ ಕೈ ಬರ್ಲಿಲ್ಲ. ಅವ್ವ ಪಕ್ಕದಲ್ಲಿ ಕೂತು ಹೇಳ್ದಂಗೇ ಇತ್ತು. ಬಿಟ್ಬಿಟ್ಟೆ. ಹುಳು ಅಂತ ಮಾಡಿದ್ರೆ ಈ ಮಗೂಗೆ ಏನೂ ಆಗ್ತಿರ್ಲಿಲ್ಲ. ಹಂಗಾಗಿ ನಂದೇ ತಪ್ಪು."

"ಅವ್ವ ಹೇಳಿದ್ದು ನಂಗೆ."

"ಗೊತ್ತು," ಅಂದಳು. "ನಿನ್ ಜೊತೆ ಅವ್ವ ಮಾತಾಡೋಳು ಕಣೆ. ನಂಗೆ ಕೆಲ್ಸ ಹೇಳೋಳು, ಅಷ್ಟೆ. ಸೊಪ್ಪು ತಾ, ತಟ್ಟೆ ತೊಳಿ. ಹದಿನೇಳು ವರ್ಷ ಅದೇ. ಮದ್ವೆ ಮಾಡಿ ಕಳಿಸಿದ್ಮೇಲೆ ಅದೂ ಇಲ್ಲ. ಅವ್ಳು ಸತ್ತ ಮೇಲೆ ನಿನ್ ಕರಪತ್ರ ನನ್ ಕೈಗೆ ಸಿಕ್ತು. ಒಂದೊಂದ್ ಸಾಲಲ್ಲೂ ಕೂತು ಮಾತಾಡವ್ಳೆ ನಿನ್ ಜೊತೆ. ಉರ್ದೋಯ್ತು ನಂಗೆ. ನಿಂಗೆ ಹೆಸ್ರು ಬರ್ಬಾರ್ದು ಅಂತಲ್ಲ. ಅವ್ವ ನನ್ ಜೊತೆನೂ ಮಾತಾಡಿದ್ಲು ಅಂತ ಜನ ಅನ್ಕೋಬೇಕಿತ್ತು."

ನನ್ನ ಹೊಟ್ಟೆಕಿಚ್ಚು ಒಂದೇ ಈ ಮನೆಯಲ್ಲಿ ಇದೆ ಅಂತ ನಾನು ತಿಳಿದಿದ್ದೆ. ಅದರಲ್ಲೂ ಅವಳು ನನಗಿಂತ ಹಿರಿಯಳಾಗಿದ್ದಳು. ಕರಪತ್ರ ಎತ್ತಿಕೊಂಡು ಮೇಲೆ ಬಂದೆ.

ಶುಕ್ರವಾರ ಹತ್ತು ಗಂಟೆಗೆ ಮಂಗಳಗೌರಿ ಕೇಂದ್ರಕ್ಕೆ ಬಂದಳು. ಮೂವತ್ತರ ಆಸುಪಾಸಿನ ಹೆಂಗಸು, ರಾತ್ರಿಯೆಲ್ಲ ಆಸ್ಪತ್ರೆಯಲ್ಲಿ ಕೂತಿದ್ದ ಮುಖ. ಅವಳ ಎದುರು ಕುರ್ಚಿಯಲ್ಲಿ ಅಕ್ಕ. ಪುಸ್ತಕದವಳು ಅಂತ ಅಯೂಬ್ ಸಾಹೇಬರೇ ಕರೆಸಿದ್ದರು. ಅವರಿಗೆ ನಾವು ಅಕ್ಕತಂಗಿಯರು ಅಂತ ಆವರೆಗೆ ಗೊತ್ತಿರಲಿಲ್ಲ. ನಾನು ಹೇಳಬೇಕಿತ್ತು, ಹೇಳಿರಲಿಲ್ಲ.

ಸಾಹೇಬರು ಮೆತ್ತಗೆ ಕೇಳಿದರು. "ಅಮ್ಮ, ಡಾಕ್ಟರ ಹತ್ರ ಹೋಗ್ಬೇಕು ಅನ್ನಿಸ್ಲಿಲ್ವಾ?"

"ಅನ್ನಿಸ್ತು ಸಾ. ಎರಡು ಸಲ ಹೊರಟೆ. ಕೆಳ್ಗೆ ಹೆಸ್ರಿತ್ತಲ್ಲ." ಅವಳು ಸೆರಗಿನ ತುದಿ ಸುತ್ತುತ್ತಿದ್ದಳು. "ಮುಂಚೆ ಹೆಸ್ರಿರ್ತಿರ್ಲಿಲ್ಲ, ಆವಾಗ ಯಾವ್ದನ್ನೂ ನಂಬ್ತಿರ್ಲಿಲ್ಲ ನಾನು. ಈಗ ಜಲಜಕ್ಕ ಅಂತ ಬಂತು. ಯಾರೋ ಹಿರಿಯೋರು, ಮಕ್ಕಳನ್ನ ಹೆತ್ತು ಸಾಕ್ದೋರು ಹೇಳ್ತಾವ್ರೆ ಅನ್ಕಂಡೆ. ನಮ್ಮನೇಲಿ ಹೇಳೋರು ಯಾರೂ ಇಲ್ಲ ಸಾ."

ಅಯೂಬ್ ಸಾಹೇಬರು ಪೆನ್ನು ಕೆಳಗಿಟ್ಟರು. ಹೆಸರು ಹಾಕಬೇಕು ಎಂಬ ಕಾನೂನಿಗಾಗಿ ಹೋರಾಡಿದವರಲ್ಲಿ ಅವರೂ ಒಬ್ಬರು.

ಅಕ್ಕ ಎದ್ದು ನಿಂತಳು. "ನಾನೇ ಕಣ್ ತಾಯಿ, ಆ ಜಲಜಕ್ಕ. ಆ ಮಾತು ಬರ್ದೋಳು ನಾನೇ. ಅದು ಹುಳು ವಿಷ್ಯ. ಸರಿಯಾಗಿ ಬರೀಲಿಲ್ಲ. ತಪ್ಪಾಯ್ತು." ಅವಳು ಕೈ ಮುಗಿದಳು.

ಆ ಕ್ಷಣ ನನಗೇನಾಯಿತು ಅಂತ ಇವತ್ತಿಗೂ ನಿಖರವಾಗಿ ಹೇಳಲಾರೆ. ಸತ್ಯ ಹೇಳಬೇಕು ಅನ್ನಿಸಿತು ಅಂದರೆ ಅರ್ಧ ಮಾತ್ರ ನಿಜ. ಉಳಿದರ್ಧ, ಅವಳು ಅಷ್ಟು ಚೆನ್ನಾಗಿ ಕೈ ಮುಗಿದದ್ದನ್ನು ನನ್ನಿಂದ ನೋಡಲಾಗಲಿಲ್ಲ. ಕರಪತ್ರ ತಂದು ಮೇಜಿನ ಮೇಲಿಟ್ಟೆ.

"ಸರ್, ತಾಯಿಬೇರು ನಾನು. ಇವಳು ನನ್ನಕ್ಕ. ಪುಸ್ತಕಕ್ಕಿಂತ ಮುಂಚೆ ಇದನ್ನು ನಾನು ಬರೆದಿದ್ದೆ. ತಾರೀಖು ನೋಡಿ."

"ಸುಮ್ನಿರು ಇಂದ್ರಿ," ಅಂದಳು ಅಕ್ಕ.

"ನೀನು ಸುಮ್ನಿರು. ನನ್ನದನ್ನ ನಂಗೆ ಬಿಡು."

"ತಿದ್ದದೇ ಬಿಟ್ಟೋಳು ನಾನು."

"ಬರೆದವಳು ನಾನು."

"ಹೇಳ್ದೋಳು ಅವ್ವ, ನೀನೇನ್ ಬರ್ದಿದ್ದು?"

ದನಿ ಏರಿತ್ತು. ಪಕ್ಕದ ಕೋಣೆಯವರು ಗಾಜಿನಾಚೆಯಿಂದ ನೋಡುತ್ತಿದ್ದರು. ಅಯೂಬ್ ಸಾಹೇಬರು ಕೈ ಎತ್ತಿದರು, ನಾವು ನಿಲ್ಲಿಸಲಿಲ್ಲ. ಇಪ್ಪತ್ತು ವರ್ಷದ್ದೆಲ್ಲ ಒಂದೇ ಸಲ ಬಾಯಿಗೆ ಬರುತ್ತಿತ್ತು.

ಮಂಗಳಗೌರಿ ಒಮ್ಮೆ ಅವಳ ಮುಖ, ಒಮ್ಮೆ ನನ್ನ ಮುಖ ನೋಡುತ್ತಾ ಕೂತಿದ್ದಳು. ಆಮೇಲೆ ಮುಂದಕ್ಕೆ ಬಾಗಿ, ನಮಗೆ ಕೇಳಲೆಂದು ಮೇಜನ್ನು ಬೆರಳಿನಿಂದ ಎರಡು ಸಲ ತಟ್ಟಿದಳು.

"ನಿಮ್ಮಿಬ್ರಲ್ಲಿ ಯಾರ್ ಬರ್ದ್ರೋ ನಂಗ್ಬೇಡ ಅಕ್ಕ," ಅಂದಳು. ನಮ್ಮಿಬ್ಬರಲ್ಲಿ ಯಾರನ್ನು ಅಕ್ಕ ಅಂದಳೋ ತಿಳಿಯಲಿಲ್ಲ. "ಅವತ್ತು ಮಧ್ಯಾಹ್ನ ಮೂರು ಗಂಟೆಗೆ ಮಗು ಕಣ್ಬಿಟ್ಟು ನೀರು ಅಂತು. ಒಂದಲ್ಲ, ನಾಕು ಸಲ ಕೇಳ್ತು. ಲೋಟ ಕೈಲಿ ಹಿಡ್ಕಂಡು ಕೊಡ್ದೆ ಕೂತಿದ್ದೋಳು ನಾನು." ಅವಳು ಅಯೂಬ್ ಸಾಹೇಬರ ಮುಂದಿದ್ದ ಹಾಳೆಯ ಕಡೆ ತಿರುಗಿದಳು. "ನನ್ ಹೆಸ್ರು ಎಲ್ಲಿ ಬರ್ಕೋತೀರಾ ಸಾ?"

ಸಾಹೇಬರು ಹಾಳೆಯನ್ನು ತಿರುಗಿಸಿ ನೋಡಿದರು. ಬೇರು, ತಾಯಿಬೇರು, ಎರಡೇ ಕಾಲಂ ಇದ್ದವು.